ಕೈಗಾದ ವಾಟರ್ ಕೂಲರ್ ಮತ್ತು ಕ್ಯಾಮೆರಾದ ಕಣ್ಣು



ನಮ್ಮ ಸೂಲೂರು ಸುತ್ತಿನಲ್ಲಿ ಮಗ್ಗದ ಸದ್ದು ನಿಂತರೆ ಕರೆಂಟು ಹೋಗಿದೆ ಎಂದೇ ಅರ್ಥ. ಆ ಕರೆಂಟು ಎಲ್ಲಿಂದ ಬರುತ್ತದೆ ಎಂದು ಮಕ್ಕಳನ್ನು ಕೇಳಿ ನೋಡಿ. ಮೆಟ್ಟೂರು, ನೈವೇಲಿ, ಕಲ್ಪಾಕ್ಕಂ, ಕೂಡಂಕುಳಂ ಎನ್ನುತ್ತಾರೆ. ಕೈಗಾ ಎನ್ನುವವರು ಕಡಿಮೆ. ಕಾರವಾರ ತಾಲೂಕಿನಲ್ಲಿ ಕಾಳಿ ನದಿಯ ದಡದಲ್ಲಿರುವ ಆ ಅಣುವಿದ್ಯುತ್ ಸ್ಥಾವರದ ವಿದ್ಯುತ್ತಿನಲ್ಲಿ ತಮಿಳುನಾಡಿಗೂ ಪಾಲಿದೆ. ಹಾಗಾಗಿ ಅಲ್ಲಿ ದುಡಿಯುವವರ ಕಥೆ ಗಡಿಯ ಈಚೆಗಿರುವ ನಮಗೂ ಸೇರಿದ್ದು.

ಕೈಗಾ ಎಂದರೆ ಹಿರಿಯರಿಗೆ ಶಿವರಾಮ ಕಾರಂತರು ನೆನಪಾಗುತ್ತಾರೆ. ಈ ಯೋಜನೆಯನ್ನು ವಿರೋಧಿಸಿದ ಅವರು 1989ರಲ್ಲಿ ಉತ್ತರ ಕನ್ನಡದಿಂದ ಲೋಕಸಭೆ ಚುನಾವಣೆಗೇ ನಿಂತಿದ್ದರು. ಗೆಲ್ಲಲಿಲ್ಲ. 1994ರ ಮೇ 13ರಂದು, ಕಟ್ಟುತ್ತಿದ್ದ ರಿಯಾಕ್ಟರ್ ಕಟ್ಟಡದ ಗುಮ್ಮಟದ ಒಳಭಾಗ ಕುಸಿದು ಬಿತ್ತು. ಮತ್ತೆ ಕಟ್ಟಿದರು. 2000ದಲ್ಲಿ ಮೊದಲ ಎರಡು ಘಟಕಗಳು ವಾಣಿಜ್ಯ ಉತ್ಪಾದನೆ ಆರಂಭಿಸಿದವು. ಇದೆಲ್ಲ ಬಹಳ ಜನರಿಗೆ ಗೊತ್ತಿರುವ ಚರಿತ್ರೆ. ನಾನು ಇಲ್ಲಿ ಹೇಳಹೊರಟಿರುವುದು 2009ರ ನವೆಂಬರ್ ತಿಂಗಳ ಒಂದು ಘಟನೆ.

ಆಗ ಮೊದಲ ಘಟಕವನ್ನು ನಿಲ್ಲಿಸಿ ದುರಸ್ತಿ ಕೆಲಸ ನಡೆಸುತ್ತಿದ್ದರು. ನವೆಂಬರ್ 24ರಂದು ಕಾರ್ಮಿಕರ ಮೂತ್ರ ಪರೀಕ್ಷೆಯಲ್ಲಿ ಟ್ರಿಟಿಯಂ ಹೆಚ್ಚಾಗಿರುವುದು ಕಂಡುಬಂತು. ಒಬ್ಬಿಬ್ಬರಲ್ಲ, ಐವತ್ತಕ್ಕೂ ಹೆಚ್ಚು ಜನ! ಎಲ್ಲರೂ ಎಲ್ಲಿ ಕೆಲಸ ಮಾಡಿದರು, ಏನು ಕುಡಿದರು ಎಂದು ಹುಡುಕುತ್ತಾ ಹೋದಾಗ ಜಾಡು ಒಂದು ವಾಟರ್ ಕೂಲರಿಗೆ ಬಂದು ನಿಂತಿತು. ಕುಡಿಯುವ ನೀರಿಗೆ ಯಾರೋ ಟ್ರಿಟಿಯಂ ಇರುವ ಭಾರಜಲವನ್ನು ಬೆರೆಸಿದ್ದರು. ಇದು ಒಳಗಿನವರದೇ ಕಿಡಿಗೇಡಿತನ ಎಂದು ಆಗ ಅಣುಶಕ್ತಿ ಆಯೋಗದ ಅಧ್ಯಕ್ಷರಾಗಿದ್ದ ಅನಿಲ್ ಕಾಕೋಡ್ಕರ್ ಹೇಳಿದರು. ಇಬ್ಬರಲ್ಲಿ ಮಾತ್ರ ವಿಕಿರಣದ ಪ್ರಮಾಣ ನಿಗದಿತ ಮಿತಿಯನ್ನು ದಾಟಿದೆ ಎಂಬುದು ಅಧಿಕೃತ ಹೇಳಿಕೆ. ಸುದ್ದಿ ಹೊರಗಿನ ಜನರಿಗೆ ಮುಟ್ಟಿದ್ದು ಕೆಲವು ದಿನಗಳ ನಂತರ.

ಇಲ್ಲಿ ಸ್ವಲ್ಪ ವಿಜ್ಞಾನ ತಿಳಿದುಕೊಳ್ಳೋಣ. ಕೈಗಾದ ರಿಯಾಕ್ಟರುಗಳಲ್ಲಿ ಭಾರಜಲವನ್ನು ಬಳಸುತ್ತಾರೆ. ಅದಕ್ಕೆ ನ್ಯೂಟ್ರಾನ್ ತಾಗಿದಾಗ ಜಲಜನಕದ ಇನ್ನೊಂದು ರೂಪವಾದ ಟ್ರಿಟಿಯಂ ಹುಟ್ಟುತ್ತದೆ. ಅದರ ಕಿರಣ ಬಹಳ ದುರ್ಬಲ, ಚರ್ಮವನ್ನೂ ದಾಟಲಾರದು. ಆದ್ದರಿಂದ ಕಾರ್ಮಿಕರು ಎದೆಗೆ ಸಿಕ್ಕಿಸಿಕೊಳ್ಳುವ ವಿಕಿರಣ ಅಳೆಯುವ ಬಿಲ್ಲೆಗೆ ಅದು ಸಿಗುವುದಿಲ್ಲ. ಕುಡಿದರೆ ಅಥವಾ ಉಸಿರಾಡಿದರೆ ಮೈಯೊಳಗೆ ಸೇರಿ ತೊಂದರೆ ಕೊಡುತ್ತದೆ. ಸುಮಾರು ಹತ್ತು ದಿನಕ್ಕೆ ಅರ್ಧದಷ್ಟು ಹೊರಹೋಗುತ್ತದೆ, ನೀರು ಹೆಚ್ಚು ಕುಡಿದರೆ ಇನ್ನೂ ಬೇಗ. ಅದನ್ನು ಹಿಡಿಯುವ ದಾರಿ ಮೂತ್ರ ಪರೀಕ್ಷೆ.

ಒಳಗಿನವರ ಕೈವಾಡ ಎಂದ ಕೂಡಲೇ ಎಲ್ಲರ ಬಾಯಲ್ಲೂ ಬರುವ ಪರಿಹಾರ ಒಂದೇ: ಕ್ಯಾಮೆರಾ ಹಾಕಿ! ಹಾಕಲಿ, ಬೇಡ ಎನ್ನುವುದಿಲ್ಲ. ಆದರೆ ಭಾರಜಲ ನೋಡಲು ಥೇಟ್ ನೀರಿನಂತೆಯೇ ಇರುತ್ತದೆ. ಯಾರು ಸುರಿದರು ಎಂಬುದನ್ನು ಕ್ಯಾಮೆರಾ ತೋರಿಸಬಹುದು, ಏನು ಸುರಿದರು ಎಂಬುದನ್ನು ಅಲ್ಲ. ಯಾರ ಮೈಗೆ ಎಷ್ಟು ಸೇರಿತು ಎಂಬುದನ್ನಂತೂ ತೋರಿಸಲಾರದು. ಅದನ್ನು ಹೇಳಿದ್ದು ಕಾರ್ಮಿಕರ ಮೈಯೇ.

ತಮಿಳುನಾಡಿನದೇ ಇನ್ನೊಂದು ಉದಾಹರಣೆ ನೋಡಿ. 2003ರ ಜನವರಿಯಲ್ಲಿ ಕಲ್ಪಾಕ್ಕಂನ ಇಂಧನ ಮರುಸಂಸ್ಕರಣ ಘಟಕದಲ್ಲಿ ಒಂದು ಕವಾಟ ಕೆಟ್ಟು, ತೀವ್ರ ವಿಕಿರಣದ ದ್ರವ ಬರಬಾರದ ತೊಟ್ಟಿಗೆ ಬಂದುಬಿಟ್ಟಿತ್ತು. ಅದರಿಂದ ಮಾದರಿ ತೆಗೆಯಲು ಹೋದಾಗ ಆರು ಜನ ನೌಕರರಿಗೆ ವಿಕಿರಣ ತಾಗಿತು. ಅಲ್ಲಿ ಬೇಕಾಗಿದ್ದದ್ದು ಮನುಷ್ಯರನ್ನು ಕಾಯುವ ಕಣ್ಣಲ್ಲ, ವಿಕಿರಣ ಏರಿದೆ ಎಂದು ಕೂಗಿ ಹೇಳುವ ಮಾಪಕ.

ಇನ್ನು ಜಪಾನಿನ ಫುಕುಶಿಮಾ. 2011ರ ಮಾರ್ಚ್ 11ರ ಸುನಾಮಿಯ ನಂತರ, ಅಲ್ಲಿನ ಕಂಪನಿ ಸ್ಥಾವರದ ಅಂಗಳಕ್ಕೆ ಕ್ಯಾಮೆರಾ ಇಟ್ಟು ಇಡೀ ಜಗತ್ತಿಗೆ ನೇರ ದೃಶ್ಯ ತೋರಿಸಿತು. ಆಗಸ್ಟ್ 28ರಂದು ಬಿಳಿ ರಕ್ಷಣಾ ಉಡುಪು ತೊಟ್ಟ ಕಾರ್ಮಿಕನೊಬ್ಬ ಆ ಕ್ಯಾಮೆರಾದ ಎದುರು ನಿಂತು, ಬಹಳ ಹೊತ್ತು ನೋಡುವವರತ್ತಲೇ ಬೆರಳು ತೋರಿಸಿದ. ಗುತ್ತಿಗೆಯ ಕೆಳಗೆ ಒಳಗುತ್ತಿಗೆಯಲ್ಲಿ ದುಡಿಯುವವರ ಪಾಡನ್ನು ನೋಡಿ ಎಂಬುದು ಆ ಬೆರಳಿನ ಹಿಂದಿದ್ದ ಮಾತು. ಅದೇ ವರ್ಷ ಡಿಸೆಂಬರಿನಲ್ಲಿ ಅಲ್ಲಿಯ ಒಬ್ಬ ಒಳಗುತ್ತಿಗೆದಾರ, ವಿಕಿರಣದ ಲೆಕ್ಕ ಕಡಿಮೆ ಕಾಣಲಿ ಎಂದು ಕಾರ್ಮಿಕರ ಮಾಪಕಗಳಿಗೆ ಸೀಸದ ಮುಚ್ಚಳ ಹಾಕಿಸಿದ್ದ! ಜಗತ್ತೇ ನೋಡುತ್ತಿದ್ದ ಕ್ಯಾಮೆರಾಗೆ ಅದು ಕಾಣಲಿಲ್ಲ. 2012ರಲ್ಲಿ ಅದು ಪತ್ರಿಕೆಯ ಮೂಲಕ ಬಯಲಾಯಿತು.

ಈ ಮೂರೂ ಘಟನೆಗಳಿಂದ ನನಗೆ ತೋಚುವುದು ಇಷ್ಟು. ಕ್ಯಾಮೆರಾ ತಪ್ಪು ಮಾಡಿದವರನ್ನು ಹುಡುಕಲು ಒಳ್ಳೆಯದು. ದುಡಿಯುವವರನ್ನು ಕಾಪಾಡಲು ಬೇಕಾದದ್ದು ಬೇರೆ: ನಿಯಮಿತ ಪರೀಕ್ಷೆ, ಸುಳ್ಳು ಹೇಳದ ಮಾಪಕ, ತನ್ನ ಮೈಗೆ ಎಷ್ಟು ತಾಗಿದೆ ಎಂಬ ಲೆಕ್ಕ ಕಾರ್ಮಿಕನ ಕೈಯಲ್ಲೇ ಇರುವುದು, ಮತ್ತು ಬಾಯಿಬಿಟ್ಟರೆ ಕೆಲಸ ಹೋಗುವುದಿಲ್ಲ ಎಂಬ ಧೈರ್ಯ. ಕೈಗಾದ ಘಟನೆ ನಡೆದಾಗ ಜಾರಿಯಲ್ಲಿದ್ದ 1962ರ ಅಣುಶಕ್ತಿ ಕಾಯ್ದೆ, ಸ್ಥಾವರಗಳ ಮಾಹಿತಿಯನ್ನು ತಡೆಹಿಡಿಯುವ ಅಧಿಕಾರವನ್ನು ಸರ್ಕಾರಕ್ಕೆ ಕೊಟ್ಟಿತ್ತು. ದೇಶದ ಭದ್ರತೆಗೆ ಕೆಲವು ಗುಟ್ಟುಗಳು ಬೇಕು, ಒಪ್ಪೋಣ. ಆದರೆ ಕುಡಿಯುವ ನೀರಿನ ಸುದ್ದಿ ಗುಟ್ಟಾಗಬಾರದು.

ಶಿಕ್ಷಕ ಬಂಧುಗಳೇ, ಹತ್ತನೇ ತರಗತಿಯಲ್ಲಿ ವಿದ್ಯುತ್ತಿನ ಮೂಲಗಳ ಪಾಠ ಮಾಡುವಾಗ ಮೆಗಾವಾಟ್ ಲೆಕ್ಕದ ಜೊತೆಗೆ ಈ ವಾಟರ್ ಕೂಲರಿನ ಕಥೆಯನ್ನೂ ಹೇಳಿ. ನಮ್ಮ ಮಕ್ಕಳಲ್ಲಿ ಎಷ್ಟೋ ಜನರ ಅಪ್ಪ ಅಮ್ಮ ಗಿರಣಿಗಳಲ್ಲಿ, ಹತ್ತಿಯ ದೂಳಿನ ನಡುವೆ ದುಡಿಯುವವರು. ನೆತ್ತಿಯ ಮೇಲೆ ಕ್ಯಾಮೆರಾ ಇರುವುದಕ್ಕೂ ಉಸಿರಾಡುವ ಗಾಳಿಯನ್ನು ಅಳೆಯುವುದಕ್ಕೂ ಇರುವ ವ್ಯತ್ಯಾಸ ಅವರಿಗೆ ಬೇಗ ಅರ್ಥವಾಗುತ್ತದೆ.