ಬೂತುಗನ ಸಿರಿ, ಪಾಂಬಬ್ಬೆಯ ತಪಸ್ಸು

ಎಪಿಗ್ರಾಫಿಯಾ ಕರ್ನಾಟಿಕದ 6ನೆಯ ಸಂಪುಟದಲ್ಲಿ ಕಡೂರು ತಾಲ್ಲೂಕಿನ ಮೊದಲನೆಯ ಶಾಸನವಾಗಿ ಅಚ್ಚಾಗಿರುವುದು ಕ್ರಿ.ಶ. 971ರ ಒಂದು ಜೈನ ಸ್ಮಾರಕ. ಪಾಂಬಬ್ಬೆಯೆಂಬವಳ ನಿಧನವನ್ನು ಅದು ದಾಖಲಿಸುತ್ತದೆ. ಆಕೆ ಪಡಿಯರ ದೋರಪಯ್ಯನ ಮಡದಿ. ಗಂಗದೊರೆ ಇಮ್ಮಡಿ ಬೂತುಗನ ಅಕ್ಕ. ನಾಣಬ್ಬೆ ಕಂತಿಯ ಶಿಷ್ಯೆ. ತಲೆಗೂದಲನ್ನು ಕಿತ್ತು ಲೋಚ ಮಾಡಿಕೊಂಡು, ಮೂವತ್ತು ವರ್ಷ ತಪಸ್ಸಿನಲ್ಲಿದ್ದು, ವ್ರತನಿಷ್ಠೆಯಿಂದ ದೇಹವನ್ನು ತೊರೆದಳು.

971ರಿಂದ ಮೂವತ್ತನ್ನು ಕಳೆದರೆ ಸುಮಾರು 941. ಈ ಸರಳ ಲೆಕ್ಕದಲ್ಲಿ ಒಂದು ಮನೆತನದ ಕಥೆಯೇ ಅಡಗಿದೆ. ಅಕ್ಕ ಅರಮನೆಯ ಬಾಳನ್ನು ಬಿಟ್ಟ ಕಾಲವೂ ತಮ್ಮನ ಭಾಗ್ಯದ ಬಾಗಿಲು ತೆರೆದ ಕಾಲವೂ ಹೆಚ್ಚುಕಡಿಮೆ ಒಂದೇ.

ಆ ಭಾಗ್ಯದ ವಿವರ ಮದ್ದೂರು ಬಳಿಯ ಆತಕೂರಿನ ಶಾಸನದಲ್ಲಿದೆ. ಅದರ ಕಾಲ ಶಕ 872, ಎಂದರೆ ಕ್ರಿ.ಶ. 949–50. ಎರೆಯಪ್ಪನ ಮಗ ರಾಚಮಲ್ಲನನ್ನು ಕೊಂದು ಬೂತುಗನು ತೊಂಬತ್ತಾರು ಸಾಸಿರದ ಗಂಗವಾಡಿಯನ್ನು ಆಳುತ್ತಿದ್ದನೆಂಬುದನ್ನು ಶಾಸನ ಮರೆಮಾಚದೆ ಹೇಳುತ್ತದೆ. ಮುಂದೆ ತಕ್ಕೋಲದ ಕಾಳಗ. ಆನೆಯ ಮೇಲಿದ್ದ ಚೋಳ ರಾಜಾದಿತ್ಯನನ್ನು ಬೂತುಗ ಇರಿದನು. ಆ ಇರಿತ ಮೋಸದ್ದೋ, ಆನೆಯ ಅಂಬಾರಿಯನ್ನೇ ರಣಾಂಗಣವಾಗಿಸಿಕೊಂಡ ಸಾಹಸವೋ ಎಂಬುದು ಒಂದು ಪದದ ಪಾಠವನ್ನು ಅವಲಂಬಿಸಿದ ವಿವಾದ; ಫ್ಲೀಟ್ ಮೊದಲ ಅರ್ಥವನ್ನು ಹಿಡಿದರೆ, ನಂತರದ ವಿದ್ವಾಂಸರು ಎರಡನೆಯದನ್ನು ಎತ್ತಿಹಿಡಿದರು. ಮೆಚ್ಚಿದ ರಾಷ್ಟ್ರಕೂಟ ಮುಮ್ಮಡಿ ಕೃಷ್ಣನು ಬನವಾಸಿ 12000, ಬೆಳ್ವೊಲ 300, ಪುರಿಗೆರೆ 300, ಕಿಸುಕಾಡು 70, ಬಾಗೆನಾಡು 70 ಇಷ್ಟನ್ನೂ ಅವನಿಗೆ ಕೊಟ್ಟನು. ಇವುಗಳಲ್ಲಿ ಬನವಾಸಿಯನ್ನು ಬಿಟ್ಟು ಉಳಿದವು ಬದ್ದೆಗನ ಮಗಳು ರೇವಕನಿಮ್ಮಡಿಯನ್ನು ಬೂತುಗ ಮದುವೆಯಾದಾಗಲೇ ಬಳುವಳಿಯಾಗಿ ಬಂದಿದ್ದವೆಂದು ಹೆಬ್ಬಾಳದ ಶಾಸನ ಹೇಳುತ್ತದೆ. ಒಂದೇ ನಾಡು ಒಮ್ಮೆ ಬಳುವಳಿ, ಇನ್ನೊಮ್ಮೆ ಮೆಚ್ಚುಗೊಡೆ! ಅನ್ಯರ ಕೈಯಿಂದ ಬಂದ ಸಿರಿಯನ್ನು ಮತ್ತೆ ಮತ್ತೆ ಗಳಿಸಿಕೊಳ್ಳುತ್ತಲೇ ಇರಬೇಕಾದ ಸಾಮಂತನ ಸ್ಥಿತಿಗೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯ ಬೇಕಿಲ್ಲ. ಸಿರಿಯಿಂದ ಬೂತುಗನ ಗುಣ ಕೆಟ್ಟಿತೆಂದು ಸುಲಭವಾಗಿ ಹೇಳಿಬಿಡಬಹುದು. ಆದರೆ ರಾಚಮಲ್ಲನ ವಧೆ ಆ ಕೊಡುಗೆಗಿಂತ ಹಿಂದಿನದು. ಹಂಬಲ ಮೊದಲು ಬಂದಿತ್ತು, ಐಶ್ವರ್ಯ ಆಮೇಲೆ ಬಂತು.

ಅದೇ ಕಲ್ಲಿನಲ್ಲಿ ಇನ್ನೊಬ್ಬನಿದ್ದಾನೆ: ಬೂತುಗನ ಕಡೆಯ ವೀರ ಮಣಲೆರ. ಬೇಕಾದುದನ್ನು ಬೇಡೆಂದು ಅರಸನು ಹೇಳಿದಾಗ ಅವನು ಬೇಡಿದ್ದು ನಾಡನ್ನಲ್ಲ, ಕಾಳಿ ಎಂಬ ಬೇಟೆನಾಯಿಯನ್ನು. ಅದು ಹಂದಿಯೊಡನೆ ಹೋರಾಡಿ ಸತ್ತಾಗ ಕಲ್ಲು ನಿಲ್ಲಿಸಿದರು. ಭೂಮಿ ಅವನಿಗೂ ದೊರೆಯಿತು. ಆದರೆ ಬೇಡಿಕೆ ನಾಯಿಯದು.

ತತ್ತ್ವಾರ್ಥಸೂತ್ರವು ಪರಿಗ್ರಹವನ್ನು ವಸ್ತುವಿನಲ್ಲಿ ಹುಡುಕದೆ ಮೂರ್ಛೆಯಲ್ಲಿ, ಎಂದರೆ ಮಮತೆಯಲ್ಲಿ, ಗುರುತಿಸುತ್ತದೆ. ಶ್ರಾವಕನಿಗೆ ಸಂಪತ್ತು ನಿಷಿದ್ಧವಲ್ಲ. ಹೊಲ, ಮನೆ, ಹೊನ್ನು, ಧಾನ್ಯಗಳಿಗೆ ತಾನೇ ಮೊದಲು ಮಿತಿ ಹಾಕಿಕೊಳ್ಳುವುದು ಪರಿಗ್ರಹ ಪರಿಮಾಣ ವ್ರತ. ಸಿರಿ ಬಂದಮೇಲೆ ಮಿತಿಯನ್ನು ಆಲೋಚಿಸುವವನಿಗೆ ಮಿತಿ ದಿನದಿನಕ್ಕೂ ಹಿಗ್ಗುತ್ತದೆ. ವ್ರತದ ಜಾಣತನ ಈ ‘ಮೊದಲು’ ಎಂಬುದರಲ್ಲಿದೆ. ಪಾಂಬಬ್ಬೆ ಹಿಡಿದದ್ದು ಮಿತಿಯ ಹಾದಿಯನ್ನಲ್ಲ, ಪೂರ್ಣತ್ಯಾಗವನ್ನು.

ಗೃಹಸ್ಥನ ಹಾದಿಗೆ ತರೀಕೆರೆ ಬಳಿಯ ಅಮೃತಾಪುರವನ್ನು ನೋಡಬಹುದು. ಇಮ್ಮಡಿ ಬಲ್ಲಾಳನ ದಂಡನಾಯಕ ಅಮಿತಯ್ಯ 1196ರಲ್ಲಿ ಅಲ್ಲಿ ಅಮೃತೇಶ್ವರನನ್ನು ಪ್ರತಿಷ್ಠಿಸಿದನು. ಆ ಶೈವ ದೇವಾಲಯಕ್ಕೆ 1197ರ ಶಾಸನವನ್ನು ರಚಿಸಿದವನು ಜೈನಕವಿ ಜನ್ನ. ಅಧಿಕಾರದಿಂದ ಬಂದ ಹಣ ಇಲ್ಲಿ ಊರಿನ ದೇಗುಲವಾಗಿ ನಿಂತಿತು. ದಾನಿಯ ಹೆಸರೂ ಜೊತೆಗೇ ನಿಂತಿತೆಂಬುದನ್ನು ಮರೆಯಬಾರದು.

ಪಾಂಬಬ್ಬೆ ತೀರಿದ ಎರಡೇ ವರ್ಷಕ್ಕೆ, 973ರಲ್ಲಿ, ಇಮ್ಮಡಿ ತೈಲಪನ ಕೈಯಲ್ಲಿ ರಾಷ್ಟ್ರಕೂಟರ ರಾಜ್ಯ ಮುಗಿಯಿತು. ಬೂತುಗನ ಮಗ ಮಾರಸಿಂಹ ಅದನ್ನು ಎತ್ತಿನಿಲ್ಲಿಸಲು ಹೆಣಗಿ, ಕೊನೆಗೆ ಬಂಕಾಪುರದಲ್ಲಿ ಅಜಿತಸೇನರ ಸನ್ನಿಧಿಯಲ್ಲಿ ಸಲ್ಲೇಖನ ಕೈಗೊಂಡನು. ಬೂತುಗನ ಮಗಳ ಮಗ, ರಾಷ್ಟ್ರಕೂಟ ನಾಲ್ವಡಿ ಇಂದ್ರ, 982ರಲ್ಲಿ ಶ್ರವಣಬೆಳಗೊಳದಲ್ಲಿ ಅದೇ ವ್ರತದಿಂದ ಮುಡಿಪಿದನು. ಅವನ ಶಾಸನ ಬಹುಪಾಲು ಹೊಗಳುವುದು ಚೆಂಡಾಟದಲ್ಲಿ ಅವನಿಗಿದ್ದ ನೈಪುಣ್ಯವನ್ನು.