ಪದಬಂಧದಲ್ಲಿ ಉಳಿದ ಹಳೆಯ ಗಾಲಿಗಳು

ಇಂಗ್ಲಿಷ್ ಪತ್ರಿಕೆಗಳ ಕ್ರಿಪ್ಟಿಕ್ ಪದಬಂಧ ಬಿಡಿಸುವ ಚಟ ಹತ್ತಿದವರಿಗೆ ಒಂದು ಸಂಗತಿ ಗೊತ್ತು. ಸುಳಿವಿನಲ್ಲಿ ‘ಆರ್ಡಿನರಿ’ ಎಂಬ ಪದ ಬಂದರೆ ಅದನ್ನು ‘ಸಾಮಾನ್ಯ’ ಎಂದಷ್ಟೇ ಓದಿಕೊಂಡು ಮುಂದೆ ಹೋಗುವಂತಿಲ್ಲ. ಅದು ಸೈಕಲ್ ಆಗಿರಬಹುದು. ಮುಂದೆ ಎದೆಯೆತ್ತರದ ಗಾಲಿ, ಹಿಂದೆ ಪುಟ್ಟ ಗಾಲಿ, ಮೇಲೆ ಮೀಸೆಯ ಸವಾರ – ಹಳೆಯ ಚಿತ್ರಗಳಲ್ಲಿ ಕಂಡು ನಾವು ನಗುವ ಸೈಕಲ್ಲಿಗೆ ಒಂದು ಕಾಲಕ್ಕೆ ಇದ್ದ ಹೆಸರು ಅದು. ಅಷ್ಟು ಅಸಾಮಾನ್ಯವಾದ ಗಾಡಿ ‘ಸಾಮಾನ್ಯ’ ಎನಿಸಿಕೊಂಡದ್ದು ಹೇಗೆ? ಈ ಪ್ರಶ್ನೆಯ ಬೆನ್ನು ಹತ್ತಿದರೆ, ಗಾಲಿಯ ಮೇಲೆ ಕೂರುವ ಹಕ್ಕು ಯಾರಿಗಿತ್ತು ಎಂಬ ಚರಿತ್ರೆಯೇ ಬಿಚ್ಚಿಕೊಳ್ಳುತ್ತದೆ.

ಜರ್ಮನಿಯ ಕಾರ್ಲ್ ಡ್ರೈಸ್ 1817ರಲ್ಲಿ ಮಾನ್‌ಹೈಮ್ ನಗರದಲ್ಲಿ ಓಡಿಸಿದ ಮರದ ಗಾಡಿಗೆ ಎರಡು ಗಾಲಿಗಳಿದ್ದವು, ಪೆಡಲ್ ಇರಲಿಲ್ಲ. ನೆಲವನ್ನು ಕಾಲಿನಿಂದ ಒದೆಯುತ್ತ ಸಾಗಬೇಕಿತ್ತು. 1819ರಲ್ಲಿ ಲಂಡನ್ನಿನಲ್ಲಿ ಅದನ್ನು ಕೊಂಡು ಮೆರೆದವರು ಹಣವಂತ ಯುವಕರು. ಜನ ಅದನ್ನು ‘ಡ್ಯಾಂಡಿ ಹಾರ್ಸ್’ ಎಂದರು, ಅಂದರೆ ಶೋಕಿಲಾಲನ ಕುದುರೆ. 1860ರ ದಶಕದಲ್ಲಿ ಪ್ಯಾರಿಸ್ಸಿನಲ್ಲಿ ಮುಂದಿನ ಗಾಲಿಗೆ ಪೆಡಲ್ ಬಂತು. ಕಬ್ಬಿಣದ ಪಟ್ಟಿಯ ಆ ಗಾಲಿಗಳು ಕಲ್ಲುಹಾಸಿನ ಮೇಲೆ ಉರುಳುವಾಗ ಸವಾರನ ಪಾಡು ಏನಾಗುತ್ತಿತ್ತು ಎಂಬುದನ್ನು ಇಂಗ್ಲಿಷರು ಇಟ್ಟ ಹೆಸರೇ ಹೇಳುತ್ತದೆ: ‘ಬೋನ್‌ಶೇಕರ್’, ಎಲುಬು ಕುಲುಕುವ ಗಾಡಿ.

ಪೆಡಲ್ ಮುಂದಿನ ಗಾಲಿಗೇ ಅಂಟಿಕೊಂಡಿದ್ದರಿಂದ ಒಂದು ಸಲ ತುಳಿದರೆ ಗಾಲಿ ಒಂದೇ ಸುತ್ತು ಸುತ್ತುತ್ತಿತ್ತು. ಹೆಚ್ಚು ದೂರ ಹೋಗಬೇಕೆಂದರೆ ಗಾಲಿಯೇ ದೊಡ್ಡದಾಗಬೇಕು. ಹೀಗೆ 1870ರ ದಶಕದ ಎತ್ತರದ ಸೈಕಲ್ ಹುಟ್ಟಿತು. ದಾರಿಯಲ್ಲಿ ಕಲ್ಲು ಸಿಕ್ಕರೆ ಸವಾರ ತಲೆ ಮುಂದಾಗಿ ನೆಲಕ್ಕೆ. ಅದಕ್ಕೂ ಒಂದು ಪದ ಸಿದ್ಧವಿತ್ತು: ‘ಹೆಡರ್’. ಉದ್ದ ಲಂಗದ ಹೆಂಗಸರು, ವಯಸ್ಸಾದವರು, ಬಡವರು ಇದನ್ನು ದೂರದಿಂದಲೇ ನೋಡಬೇಕಿತ್ತು. ಅದು ಕಾಸೂ ಕಸುವೂ ಇದ್ದ ಗಂಡಸರ ಆಟವಾಗಿತ್ತು.

1885ರಲ್ಲಿ ಕೊವೆಂಟ್ರಿಯ ಜಾನ್ ಕೆಂಪ್ ಸ್ಟಾರ್ಲೆ ‘ರೋವರ್’ ಸೈಕಲ್ ತಂದ. ಹೆಚ್ಚುಕಮ್ಮಿ ಸಮಾನವಾದ ಎರಡು ಗಾಲಿ, ಹಿಂದಿನ ಗಾಲಿಗೆ ಚೈನು. ಕಾಲು ನೆಲಕ್ಕೆ ಎಟಕುವ ಇಂಥ ಸೈಕಲ್ಲಿಗೆ ‘ಸೇಫ್ಟಿ’ ಎಂಬ ಹೆಸರು ನಿಂತಿತು. 1888ರಲ್ಲಿ ಡನ್‌ಲಪ್ ಗಾಳಿ ತುಂಬಿದ ಟೈರಿಗೆ ಪೇಟೆಂಟ್ ಪಡೆದ. ಹೊಸ ಸೈಕಲ್ ಹರಡುತ್ತಿದ್ದಂತೆ ಹಳೆಯದನ್ನು ಬೇರೆ ಮಾಡಿ ಹೇಳುವ ಅಗತ್ಯ ಬಂತು. ಆಗಲೇ ಎತ್ತರದ ಸೈಕಲ್ ‘ಆರ್ಡಿನರಿ’ ಆದದ್ದು. ಅದು ಬೀದಿಯಿಂದ ಮರೆಯಾಗುವ ಹೊತ್ತಿಗೆ, ದೊಡ್ಡ ನಾಣ್ಯದ ಪಕ್ಕ ಚಿಕ್ಕ ನಾಣ್ಯ ಇಟ್ಟಂತೆ ಕಾಣುತ್ತದೆಂದು ‘ಪೆನ್ನಿ-ಫಾರ್ದಿಂಗ್’ ಎಂಬ ಹೆಸರೂ ಅಂಟಿತು. ರೋವರ್ ಮಾತ್ರ ಗೆದ್ದಿತು. ಪೋಲೆಂಡಿನ ಭಾಷೆಯಲ್ಲಿ ಇವತ್ತಿಗೂ ಸೈಕಲ್ಲಿಗೆ ‘ರೋವೆರ್’ ಎಂದೇ ಹೆಸರು.

ಈಗ ಹೆಂಗಸರೂ ಸೈಕಲ್ ಹತ್ತಿದರು. ಗಂಡಸರ ಕಣ್ಣು ಕೆಂಪಾಯಿತು. 1897ರ ಮೇ ತಿಂಗಳಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯವು ಹೆಣ್ಣುಮಕ್ಕಳಿಗೆ ಪದವಿ ಕೊಡಬೇಕೇ ಎಂದು ಮತ ಹಾಕಿದ ದಿನ, ಗಂಡು ವಿದ್ಯಾರ್ಥಿಗಳು ಸೈಕಲ್ ಮೇಲಿನ ಹೆಣ್ಣಿನ ಬೊಂಬೆಯೊಂದನ್ನು ಬೀದಿಯ ಮೇಲೆ ನೇತುಹಾಕಿದರು. ಹೆಣ್ಣುಮಕ್ಕಳು ಸೋತರು ಎಂದು ತಿಳಿದಾಗ ಆ ಬೊಂಬೆಯನ್ನು ಕೆಳಗಿಳಿಸಿ ಹರಿದು ಚಿಂದಿ ಮಾಡಿದರು. ಅಲ್ಲಿನ ಹೆಣ್ಣುಮಕ್ಕಳಿಗೆ ಪೂರ್ಣ ಪದವಿ ದಕ್ಕಿದ್ದು 1948ರಲ್ಲಿ. ಓದುವ ಹೆಣ್ಣನ್ನು ಅಣಕಿಸಲು ಅವರು ಪುಸ್ತಕವನ್ನಲ್ಲ, ಸೈಕಲ್ಲನ್ನು ಆರಿಸಿಕೊಂಡರು ಎಂಬುದನ್ನು ಗಮನಿಸಬೇಕು. ತಾನಾಗಿ ಚಲಿಸುವ ಹೆಣ್ಣೇ ಅವರಿಗೆ ಹೆಚ್ಚು ಭಯ ಹುಟ್ಟಿಸಿದ್ದಳು.

ಅದಕ್ಕೂ ಒಂದು ವರ್ಷ ಮೊದಲು, 1896ರಲ್ಲಿ, ಅಮೆರಿಕದ ಸೂಸನ್ ಬಿ. ಆಂಥೋನಿ ಹೆಂಗಸರ ಬಿಡುಗಡೆಗೆ ಸೈಕಲ್ ಮಾಡಿದಷ್ಟು ಕೆಲಸವನ್ನು ಬೇರಾವುದೂ ಮಾಡಿಲ್ಲವೆಂದು ಹೇಳಿದ್ದರು. ಆ ಸಂದರ್ಶನ ಮಾಡಿದವಳು ಪತ್ರಕರ್ತೆ ನೆಲ್ಲಿ ಬ್ಲೈ, ಅಚ್ಚಾದದ್ದು ‘ನ್ಯೂಯಾರ್ಕ್ ವರ್ಲ್ಡ್’ ಪತ್ರಿಕೆಯಲ್ಲಿ. 1913ರ ಡಿಸೆಂಬರ್ 21ರಂದು ಆರ್ಥರ್ ವಿನ್ ಎಂಬಾತ ರಚಿಸಿದ ಮೊದಲ ಪದಬಂಧ ಬಂದದ್ದೂ ಇದೇ ಪತ್ರಿಕೆಯಲ್ಲಿ!

ಆ ಸರಳ ಆಟವನ್ನು ಒಗಟಾಗಿ ತಿರುಚಿದವರು ಇಂಗ್ಲಿಷರು. ಅವರಲ್ಲಿ ಪ್ರಮುಖ ಎಡ್ವರ್ಡ್ ಪೋವಿಸ್ ಮ್ಯಾಥರ್ಸ್. ಅಲಿಫ್ ಲೈಲಾದ ಸಾವಿರದೊಂದು ರಾತ್ರಿಗಳನ್ನು ಫ್ರೆಂಚಿನಿಂದ ಇಂಗ್ಲಿಷಿಗೆ ತಂದ ಈತನೇ ಮುಂದೆ ‘ಅಬ್ಸರ್ವರ್’ ಪತ್ರಿಕೆಗೆ ಪದಬಂಧ ಹೆಣೆದ. ಇಟ್ಟುಕೊಂಡ ಕಾವ್ಯನಾಮ ‘ಟಾರ್ಕೆಮಾಡ’, ಸ್ಪೇನಿನ ಕ್ರೂರ ಧರ್ಮವಿಚಾರಣಾಧಿಕಾರಿಯ ಹೆಸರು. ಬಿಡಿಸುವವರಿಗೆ ಚಿತ್ರಹಿಂಸೆ ಎಂದು ತಮಾಷೆಯ ಸೂಚನೆ.

ಇಂಥ ಸುಳಿವಿಗೆ ಬೇಕಾದದ್ದು ಎರಡು ಮುಖದ ಪದ. ಸೈಕಲ್ ಅಂಗಡಿಯಲ್ಲಿ ಅವು ರಾಶಿಯಾಗಿ ಸಿಗುತ್ತವೆ. ‘ಸ್ಪೋಕ್’ ಎಂದರೆ ಗಾಲಿಯ ಕಡ್ಡಿಯೂ ಹೌದು, ‘ಮಾತಾಡಿದ’ ಎಂದೂ ಹೌದು. ‘ಪೆಡ್ಲರ್’ ಎಂದು ಕಿವಿಗೆ ಬಿದ್ದರೆ ಅವನು ಪೆಡಲ್ ತುಳಿಯುವವನೂ ಇರಬಹುದು, ಊರೂರು ತಿರುಗಿ ಮಾರುವವನೂ ಇರಬಹುದು. ‘ಟ್ಯಾಂಡೆಮ್’ ಎಂಬ ಜೋಡಿ ಸೈಕಲ್ಲಿನ ಹೆಸರೇ ಒಂದು ಹಳೆಯ ಶ್ಲೇಷೆ. ಲ್ಯಾಟಿನ್ನಿನಲ್ಲಿ ‘ಕೊನೆಗೂ, ಬಹುಕಾಲದ ಮೇಲೆ’ ಎನ್ನುವ ಪದವನ್ನು, ಒಂದರ ಹಿಂದೆ ಒಂದು ಕುದುರೆ ಕಟ್ಟಿದ ಉದ್ದನೆಯ ಗಾಡಿಗೆ ಯಾರೋ ತಮಾಷೆಗೆ ಅಂಟಿಸಿದರು. ಅಲ್ಲಿಂದ ಅದು ಸೈಕಲ್ಲಿಗೆ ಬಂತು.

ಸುಳಿವಿನಲ್ಲಿ ‘ಸೈಕಲ್ ಹೊಡೆಯುತ್ತ’ ಎಂದಿದ್ದರೆ ಕೆಲವೊಮ್ಮೆ ಅಕ್ಷರಗಳನ್ನೇ ಗಾಲಿಯಂತೆ ಉರುಳಿಸಬೇಕು, ಮೊದಲಿನದು ಕೊನೆಗೆ ಹೋಗಬೇಕು. ಕನ್ನಡದಲ್ಲೂ ಇದು ಸಾಧ್ಯ. ‘ಸಮಾನ ಸೈಕಲ್ ಹೊಡೆದರೆ ಮನಸ್ಸು, ಮೂರಕ್ಷರ’ ಎಂಬ ಸುಳಿವು ಕೊಟ್ಟುಕೊಳ್ಳೋಣ. ‘ಸ’ವನ್ನು ಹಿಂದಕ್ಕೆ ಉರುಳಿಸಿ: ‘ಮಾನಸ’. ಪಹೇಲಿ ಕೇಳಿ, ಒಗಟು ಬಿಡಿಸಿ ಬೆಳೆದ ನಮಗೆ ಇದು ಹೊಸದೇನಲ್ಲ.

ಬೀದಿಯಿಂದ ಅಳಿದ ಗಾಡಿಗಳು ಹೀಗೆ ಚೌಕಗಳಲ್ಲಿ ಉಳಿದಿವೆ. ಆದರೆ ಒಂದನ್ನು ಮರೆಯಬಾರದು. ಬೇರೆಯವರಿಗೆ ಎಟುಕದಷ್ಟು ಎತ್ತರದಲ್ಲಿ ಕುಳಿತವರ ಕಾಲದಲ್ಲಿ ಆ ಸೈಕಲ್ಲಿಗೆ ‘ಸಾಮಾನ್ಯ’ ಎಂಬ ಹೆಸರಿನ ಅಗತ್ಯವೇ ಇರಲಿಲ್ಲ. ಸಮಾನವಾದ ಗಾಲಿಗಳು ಬಂದು, ಗುಮಾಸ್ತನೂ ಹೆಣ್ಣುಮಗಳೂ ಅವನ್ನು ಏರಿದ ಮೇಲೆಯೇ ಎತ್ತರದ್ದು ಸಾಮಾನ್ಯವಾಯಿತು. ಶಬ್ದಕೋಶದ ಆ ಪುಟ್ಟ ಅರ್ಥದಲ್ಲಿ ಒಂದು ಗೆಲುವಿನ ದಾಖಲೆ ಇದೆ.