ಕಾಕಮಾರಿಯಿಂದ ಕೋಪನ್‌ಹೇಗನ್‌ವರೆಗೆ...

ಚಿಕ್ಕವನಿದ್ದಾಗ ಬೇಸಿಗೆ ರಜೆಗೆ ಶಿರಸಿ ಕಡೆಯ ನಮ್ಮ ಊರಿಗೆ ಹೋದರೆ, ಕಾಡಂಚಿನ ಮರಕ್ಕೆ ಹಬ್ಬಿದ್ದ ಬಳ್ಳಿಯೊಂದನ್ನು ತೋರಿಸಿ ಅಜ್ಜ "ಏ ಮಾಣಿ, ಅದ್ನ ಮುಟ್ಟಡ" ಅನ್ನುತ್ತಿದ್ದರು. ಅದು ಕಾಕಮಾರಿ. ಅದರ ಕಾಯಿ ಅರೆದು ಹೊಳೆಯ ಗುಂಡಿಗೆ ಹಾಕಿದರೆ ಮೀನುಗಳು ಅಮಲೇರಿ ತೇಲುತ್ತವೆ. ಇದೇ ಕಾಯಿಯ ವಿಷ ಒಂದು ಕಾಲದಲ್ಲಿ ಅಮೆರಿಕದ ಆಸ್ಪತ್ರೆಗಳಲ್ಲಿ ಔಷಧಿಯಾಗಿತ್ತು ಅಂತ ಮೊನ್ನೆ ಓದಿದಾಗ ಬೆಚ್ಚಿಬಿದ್ದೆ!

ಕತೆ ಶುರುವಾಗೋದು ಜರ್ಮನಿಯಲ್ಲಿ. 1903ರಲ್ಲಿ ಎಮಿಲ್ ಫಿಷರ್ ಮತ್ತು ಜೋಸೆಫ್ ಫಾನ್ ಮೆರಿಂಗ್ ಸೇರಿ ಬಾರ್ಬಿಟಾಲ್ ಅನ್ನೋ ವಸ್ತು ನಿದ್ದೆ ತರಿಸುತ್ತದೆ ಅಂತ ತೋರಿಸಿದರು. 'ವೆರೊನಾಲ್' ಹೆಸರಿನಲ್ಲಿ ಅದು ಅಂಗಡಿಗೆ ಬಂತು. 1912ರಲ್ಲಿ 'ಲುಮಿನಾಲ್' ಬಂತು. ಬಾರ್ಬಿಚುರೇಟ್ ಎಂಬ ಈ ಗುಂಪಿನ ಗುಳಿಗೆಗಳಲ್ಲಿ ನಿದ್ದೆಗೂ ಸಾವಿಗೂ ನಡುವಿನ ಅಂತರ ತೀರಾ ಕಡಿಮೆ. ಹೆಚ್ಚಾದರೆ ಮೆದುಳು ಉಸಿರಾಡಿಸುವುದನ್ನೇ ಮರೆತುಬಿಡುತ್ತದೆ.

ಹಾಗೆ ಬಿದ್ದವರನ್ನು ಉಳಿಸೋದು ಹೇಗೆ? ಆಗಿನ ಡಾಕ್ಟರುಗಳ ತರ್ಕ ಸರಳವಾಗಿತ್ತು. ಮಲಗಿಸಿದ ಮದ್ದಿಗೆ ಎಬ್ಬಿಸುವ ಮದ್ದು ಕೊಡಬೇಕು, ಅಷ್ಟೇ. 1930ರ ದಶಕದಲ್ಲಿ ಕಾಕಮಾರಿಯಿಂದ ತೆಗೆದ ಪಿಕ್ರೊಟಾಕ್ಸಿನ್ ಚುಚ್ಚಿದರು. ಮೆಟ್ರಜಾಲ್, ಕೊರಮಿನ್ ಕೂಡ ಚುಚ್ಚಿದರು. ರೋಗಿ ಕೈಕಾಲು ಆಡಿಸಿದರೆ ಎಲ್ಲರಿಗೂ ಸಮಾಧಾನ. ಆದರೆ ಎಷ್ಟೋ ಜನರಿಗೆ ಫಿಟ್ಸ್ ಬರುತ್ತಿತ್ತು, ಹೃದಯದ ಬಡಿತ ತಪ್ಪುತ್ತಿತ್ತು. ಮದ್ದಿನ ಪ್ರಭಾವ ಇಳಿದ ಮೇಲೆ ಮತ್ತೆ ಅದೇ ಆಳಕ್ಕೆ ಜಾರುತ್ತಿದ್ದರು.

1949ರಲ್ಲಿ ಕೋಪನ್‌ಹೇಗನ್‌ನ ಬಿಸ್ಪೆಬ್ಯೆರ್ಗ್ ಆಸ್ಪತ್ರೆಯಲ್ಲಿ ಕಾರ್ಲ್ ಕ್ಲೆಮ್ಮೆಸೆನ್ ಎಂಬ ವೈದ್ಯರು ಇಂಥ ರೋಗಿಗಳಿಗೆಂದೇ ಒಂದು ವಿಭಾಗ ತೆರೆದರು. ಅವರೂ ಅರಿವಳಿಕೆ ತಜ್ಞ ಎರಿಕ್ ನಿಲ್ಸನ್ನರೂ ಸೇರಿ ಮಾಡಿದ ದೊಡ್ಡ ಕೆಲಸ ಏನು ಗೊತ್ತಾ? ಎಬ್ಬಿಸುವ ಮದ್ದುಗಳನ್ನು ನಿಲ್ಲಿಸಿದ್ದು! ಅದರ ಬದಲು ಗಂಟಲಿನ ದಾರಿ ತೆರೆದಿಟ್ಟರು, ಆಮ್ಲಜನಕ ಕೊಟ್ಟರು, ರಕ್ತದೊತ್ತಡ ಬೀಳದಂತೆ ನೋಡಿಕೊಂಡರು, ಮಗ್ಗುಲು ಬದಲಿಸುತ್ತಾ ಹಗಲೂ ರಾತ್ರಿ ಪಕ್ಕದಲ್ಲಿ ಕಾದರು. ದೇಹ ತಾನೇ ಗುಳಿಗೆಯನ್ನು ಹೊರಹಾಕುವವರೆಗೆ ಕಾದರು. ನೂರಕ್ಕೆ 20ರ ಆಸುಪಾಸಿನಲ್ಲಿದ್ದ ಸಾವು 1-2ಕ್ಕೆ ಇಳಿಯಿತು. ಜಗತ್ತು ಇದನ್ನು 'ಸ್ಕ್ಯಾಂಡಿನೇವಿಯನ್ ವಿಧಾನ' ಅಂತ ಕರೆಯಿತು.

ಮುಂದೆ 1960ರಲ್ಲಿ ಲಿಬ್ರಿಯಂ, 1963ರಲ್ಲಿ ವ್ಯಾಲಿಯಂ ಬಂದವು. ಬೆಂಜೊಡಯಾಜೆಪೀನ್ ಎಂಬ ಈ ಹೊಸ ಗುಂಪಿಗೆ ನಿಜವಾದ ಪ್ರತಿಮದ್ದೂ ಸಿಕ್ಕಿತು. ರೋಶ್ ಕಂಪನಿಯ ವಿಜ್ಞಾನಿಗಳು 1981ರಲ್ಲಿ ವರದಿ ಮಾಡಿದ ಫ್ಲುಮಾಜೆನಿಲ್‌ಗೆ 1991ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ದೊರೆಯಿತು. ನಿದ್ದೆಯ ಮದ್ದು ಕೂತ ಜಾಗದಿಂದ ಅದನ್ನೇ ಎಬ್ಬಿಸಿ ತಾನು ಕೂರುವ ಜಾಣ ಇದು. ಆದರೆ ಬಾರ್ಬಿಚುರೇಟ್‌ಗೆ ಇದು ಕೆಲಸ ಮಾಡುವುದಿಲ್ಲ. ಬೇಗ ಇಳಿದುಹೋಗುತ್ತದೆ, ವರ್ಷಗಟ್ಟಲೆ ಗುಳಿಗೆ ನುಂಗಿದವರಿಗೆ ಫಿಟ್ಸ್ ತರಿಸಬಲ್ಲದು. ಹಾಗಾಗಿ ಇವತ್ತಿಗೂ ಮೊದಲ ಕೆಲಸ ಉಸಿರು ಕಾಯುವುದೇ.

ನಾನು ಡಾಕ್ಟರಲ್ಲ, ಕೋಡ್ ಬರೆಯುವವನು. ಒಮ್ಮೆ ರಾತ್ರಿ ಎರಡು ಗಂಟೆಗೆ ಸರ್ವರ್ ಮಲಗಿದಾಗ ಗಾಬರಿಯಿಂದ ಒಂದರ ಮೇಲೊಂದು ಪ್ಯಾಚ್ ಹಾಕಿ, ಇದ್ದ ಜೀವವನ್ನೂ ತೆಗೆದಿದ್ದೆ. ಅದು ಬರೀ ಯಂತ್ರ, ಬೆಳಿಗ್ಗೆ ಎದ್ದಿತು. ಆದರೆ ಏನಾದರೂ ಮಾಡಲೇಬೇಕು ಅನ್ನುವ ಆ ಚಡಪಡಿಕೆ ನನಗೆ ಚೆನ್ನಾಗಿ ಗೊತ್ತು. ಕ್ಲೆಮ್ಮೆಸೆನ್ ಅದನ್ನು ಗೆದ್ದರಲ್ಲ, ಅದೇ ನನಗೆ ದೊಡ್ಡದಾಗಿ ಕಾಣುತ್ತದೆ.

ನೀವೇನಂತೀರಿ?